ನೀರು ಕುಡಿಯದ ಕಣ

ಜಕ್ಕೂರಿನ ಹಳೇ ಊರೊಳಗೆ ರಾಧಾಮಣಿಯ ಮನೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೀದಿಗೆ ಕಾಲಿಟ್ಟು ಒಂದು ಗಳಿಗೆ ನಿಂತರೆ ಸಾಕು, ಅವಳ ದನಿಯೇ ಬಂದು ದಾರಿ ತೋರಿಸುತ್ತದೆ. ಐವತ್ತು ದಾಟಿದ ಗಟ್ಟಿ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಳೆಂದರೆ ಕಸದ ಗಾಡಿಯವನು ಕೂಡ ಹಾರ್ನ್ ಒತ್ತಲು ಹಿಂದೆಮುಂದೆ ನೋಡುತ್ತಾನೆ. ತಾನು ಮಾಡಿದ್ದು ಸರಿ ಎಂಬ ನಂಬಿಕೆ ಕೆಲವರಿಗೆ ಓದಿನಿಂದ ಬರುತ್ತದೆ, ಕೆಲವರಿಗೆ ಆಸ್ತಿಯಿಂದ ಬರುತ್ತದೆ. ಇವಳಿಗೆ ಬಂದದ್ದು ಥ್ರೋಬಾಲಿನಿಂದ.

ಯಲಹಂಕದ ಕಾಲೇಜಿನಲ್ಲಿ ಓದುವಾಗ ಅವಳು ತಂಡದ ಕ್ಯಾಪ್ಟನ್. ಹಿಡಿದ ಚೆಂಡನ್ನು ಎದೆಗವಚಿಕೊಂಡು ಯೋಚನೆ ಮಾಡುತ್ತ ನಿಲ್ಲುವ ಆಟವಲ್ಲ ಅದು. ಹಿಡಿದ ತಕ್ಷಣ ಎಸೆಯಬೇಕು. ಮುಂದೆ ಅವಳು ಸಂಸಾರ ಮಾಡಿದ್ದೂ ಅದೇ ಧಾಟಿಯಲ್ಲಿ. ಮಗಳ ಮದುವೆಯಿರಲಿ, ಬಾಡಿಗೆ ಮನೆಯ ಜಗಳವಿರಲಿ, ಬಂದದ್ದನ್ನು ಎರಡು ಕೈಯಲ್ಲಿ ಹಿಡಿದಳು, ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಿದಳು. ಹೆಚ್ಚಿನ ಸಲ ಅದು ಸರಿಯಾದ ಜಾಗಕ್ಕೇ ಹೋಗಿ ಬಿದ್ದಿತು. ಹೋಗದಿದ್ದಾಗ ಏನಾಯಿತು ಎಂಬುದೇ ಈ ಕತೆ.

ಅವಳು ಮದುವೆಯಾಗಿ ಬಂದದ್ದು ರಾಗಿ ಬೆಳೆಯುವ ಮನೆಗೆ. ಈಗ ಅಪಾರ್ಟ್‌ಮೆಂಟುಗಳು ನಿಂತಿರುವ ಕಡೆಯೆಲ್ಲ ಆಗ ಹೊಲ. ಮನೆಯ ಹಿಂದಿನ ದೊಡ್ಡ ಹಿತ್ತಲೇ ರಾಗಿ ಒಕ್ಕುವ ಕಣ. ಸುಗ್ಗಿ ಹತ್ತಿರವಾದರೆ ಅತ್ತೆ ಸೊಣ್ಣಮ್ಮ ಟೊಂಕ ಕಟ್ಟಿ ನಿಲ್ಲುತ್ತಿದ್ದಳು. ನೆಲ ಕೆತ್ತಿಸಿ, ನೀರು ಬಿಟ್ಟು ತುಳಿಸಿ, ಕಲ್ಲುಗುಂಡು ಉರುಳಿಸಿ, ಕೆರೆಯ ಗೋಡುಮಣ್ಣಿಗೆ ಸಗಣಿ ಕಲಸಿ ಸಾರಿಸುತ್ತಿದ್ದಳು. ಒಂದು ಕಾಳು ಬಿದ್ದರೂ ಕಣ್ಣಿಗೆ ಕಾಣಬೇಕು, ಒಂದು ಚೊಂಬು ನೀರು ಚೆಲ್ಲಿದರೂ ನೆಲ ಕುಡಿಯಬಾರದು. ಆ ವಿಷಯದಲ್ಲಿ ಸೊಣ್ಣಮ್ಮನದು ಎತ್ತಿದ ಕೈ. ಅಕ್ಕಪಕ್ಕದ ಊರಿನವರು ಕಣ ನೋಡಲೆಂದೇ ಬಂದು ಹೋಗುತ್ತಿದ್ದರಂತೆ. ಹಾಗೆಂದು ಅವಳೇ ಹೇಳುತ್ತಾಳೆ, ಅಲ್ಲವೆನ್ನಲು ಈಗ ಯಾರೂ ಉಳಿದಿಲ್ಲ.

ಮದುವೆಯಾದ ವರ್ಷ, ಕಣ ಒಣಗಿ ಮಿರಮಿರ ಹೊಳೆಯುತ್ತಿದ್ದ ಒಂದು ಸಂಜೆ, ಹೊಸ ಸೊಸೆಗೆ ತಡೆಯಲಾಗಲಿಲ್ಲ. ಬೀದಿಯ ಹುಡುಗಿಯರನ್ನು ಕೂಗಿ ಕರೆದು, ಬಟ್ಟೆ ಒಣಹಾಕುವ ಹಗ್ಗವನ್ನೇ ನೆಟ್ ಮಾಡಿಕೊಂಡು ಆಟಕ್ಕೆ ಇಳಿದೇಬಿಟ್ಟಳು. ಹೊಲದಿಂದ ಬಂದ ಸೊಣ್ಣಮ್ಮ ಬಾಗಿಲಲ್ಲೇ ನಿಂತಳು.

"ಲಕ್ಷ್ಮಿ ಬಂದು ಕೂರೋ ಜಾಗ ಇದು. ಇಲ್ಲಿ ಕುಣೀತೀರಾ? ಆಟಗೀಟ ಎಲ್ಲಾ ಇವತ್ತಿಗೆ ಸಾಕು."

ಹುಡುಗಿಯರು ಚದುರಿ ಹೋದರು. ರಾಧಾಮಣಿ ಹಗ್ಗವನ್ನು ಮತ್ತೆ ಎತ್ತರಕ್ಕೆ ಕಟ್ಟಿ ಅದರ ಮೇಲೆ ಬಟ್ಟೆ ಹರವಿದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಯಾರ ಮುಂದೆಯೂ ಕಣ್ಣೀರು ಹಾಕದ ಹೆಂಗಸು ಅವಳು, ಆದರೆ ಅವತ್ತು ಅತ್ತದ್ದು ನಿಜ. ಚೆಂಡು ಅಟ್ಟ ಸೇರಿತು.

ವರ್ಷಗಳು ಉರುಳಿದವು. ಹೊಲಗಳು ಹೋದವು, ಬಾಡಿಗೆ ಮನೆಗಳು ಎದ್ದವು. ಅತ್ತೆ ಸೊಸೆ ಒಬ್ಬರಿಗೊಬ್ಬರು ಒಗ್ಗಿಕೊಂಡರು. ಸಾರಿಗೆ ಉಪ್ಪು ಸಾಲದು ಎಂದು ದಿನಾ ಜಗಳ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಊಟ ಬಿಡುವಷ್ಟು ಹಚ್ಚಿಕೆ. ಹಿತ್ತಲು ಮಾತ್ರ ಹಾಗೆಯೇ ಉಳಿಯಿತು, ಅದರ ಮೂಲೆಯಲ್ಲಿ ಒಂದು ಬಾವಿ. ಆ ಬಾವಿ ತೋಡಿದಾಗ ಗಂಡನ ಜೊತೆ ನಿಂತು ಮಣ್ಣು ಹೊತ್ತವಳು ಸೊಣ್ಣಮ್ಮ. ಸುತ್ತ ಬೋರ್‌ವೆಲ್ಲುಗಳು ಬಿದ್ದ ಮೇಲೆ ಬತ್ತಿ ಹೋಗಿದ್ದ ಬಾವಿಯಲ್ಲಿ, ಊರ ಕೆರೆ ಮತ್ತೆ ತುಂಬಿ ನಿಂತ ಮೇಲೆ, ಒಂದು ದಿನ ನೀರು ಮಿನುಗಿತು. ಅವತ್ತಿನಿಂದ ಮುದುಕಿ ಬೆಳಗ್ಗೆ ಎದ್ದು ಬಾವಿಯೊಳಗೆ ಬಗ್ಗಿ ನೋಡದೆ ಕಾಫಿ ಮುಟ್ಟುವುದಿಲ್ಲ.

ಆಟ ಮತ್ತೆ ಶುರುವಾದದ್ದು ಪಕ್ಕದ ಅಪಾರ್ಟ್‌ಮೆಂಟಿನ ಮಹಿಳಾ ದಿನಾಚರಣೆಯಲ್ಲಿ. ನೋಡಲೆಂದು ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ ರಾಧಾಮಣಿಯ ಕಡೆಗೆ ಚೆಂಡೊಂದು ಹಾರಿ ಬಂತು. ಕೂತಲ್ಲೇ ಹಿಡಿದಳು, ಎದ್ದು ನಿಂತು ಎಸೆದಳು. ಅದು ನೆಟ್ಟಿನ ಮೇಲಿಂದ ಹಾದು ಆಚೆ ಕಡೆಯ ಗೆರೆಯ ಒಳಗೇ ಬಿತ್ತು. ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮಾಲಾ ಓಡಿ ಬಂದು ಕೈ ಹಿಡಿದುಕೊಂಡಳು.

"ಅಕ್ಕಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ರಿ ಇದನ್ನ?"

ಆರು ತಿಂಗಳು ಹೋಗುವುದರೊಳಗೆ ಬೀದಿಯ ಹೆಂಗಸರದೇ ಒಂದು ತಂಡವಾಯಿತು. ಆಡುವುದು ಎಲ್ಲಿ? ಶಾಲೆಯ ಬಯಲಿಗೆ ಹೋದರೆ ಕ್ರಿಕೆಟ್ಟಿನವರು ಮೊದಲೇ ಹಿಡಿದಿರುತ್ತಿದ್ದರು. ಅವರು ಬಿಟ್ಟುಕೊಟ್ಟ ದಿನ ಮಳೆ ಬಂದು ನೆಲ ಅಂಬಲಿಯಾಗಿರುತ್ತಿತ್ತು. ಎರಡು ಮಳೆಗಾಲ ಸಹಿಸಿದ ರಾಧಾಮಣಿ ಒಂದು ದಿನ ಹಿತ್ತಲ ಬಾಗಿಲು ತೆಗೆದು ನಿಂತು ಗಂಡನಿಗೆ ಹೇಳಿದಳು.

"ರೀ, ಇಲ್ಲೇ ಕೋರ್ಟ್ ಮಾಡ್ಸೋಣ. ಟರ್ಫ್ ಹಾಕ್ಸೋಣ, ಆ ಪ್ಲಾಸ್ಟಿಕ್ ಹುಲ್ಲು."

ನಾಗಭೂಷಣ ಒಳ್ಳೆಯವನೇ. ಆದರೆ ಖಾಲಿ ಜಾಗ ಕಂಡರೆ ಅವನ ಕಣ್ಣಿಗೆ ಅಲ್ಲಿ ಆಗಲೇ ಬಿಲ್ಡಿಂಗ್ ಎದ್ದು ನಿಂತಿರುತ್ತದೆ. ಹಿತ್ತಲಿಗೆಂದು ಪೀಜಿ ಕಟ್ಟಡದ ನಕ್ಷೆ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ.

"ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಏನೇ ಮಾಡ್ತೀಯಾ?"

"ಮುರೀಲಿ ಬಿಡಿ, ನನ್ನ ಸೊಂಟ ತಾನೆ?"

ಜಾಗ ಇಬ್ಬರದೂ ಅಲ್ಲ, ಸೊಣ್ಣಮ್ಮನದು. ಇಬ್ಬರೂ ಅವಳ ಮುಖ ನೋಡಿದರು. ಅವರೆಕಾಯಿ ಬಿಡಿಸುತ್ತ ಕೂತಿದ್ದ ಮುದುಕಿ ತಲೆ ಎತ್ತದೆ ಹೇಳಿದಳು.

"ಬಿಲ್ಡಿಂಗ್ ಕಟ್ಟಿದ್ರೆ ನನ್ನ ಬಾವಿ ಸಾಯ್ತೈತೆ. ಅದು ಬ್ಯಾಡ. ನಿಂದು ಏನಾರ ಮಾಡ್ಕೋ ರಾಧಾ, ಬಿದ್ದ ಮಳೆ ನೀರು ಬಾವಿಗೆ ಇಳೀಬೇಕು. ಇಳೀಲಿಲ್ಲ ಅಂದ್ರೆ ಕಿತ್ತಾಕ್ಬೇಕು. ಈಗ್ಲೇ ಏಳಿದೀನಿ."

"ಇಳಿಯುತ್ತೆ ಅತ್ತೆ. ನಾನಿದೀನಲ್ಲ!" ಎಂದಳು ರಾಧಾಮಣಿ. ನೀರನ್ನು ಇಳಿಸುವುದು ತನ್ನ ಕೈಯಲ್ಲೇ ಇದೆ ಎನ್ನುವ ಹಾಗೆ.

ಕೆಲಸ ಒಪ್ಪಿಕೊಂಡವಳು ಫರ್ಹೀನ್. ಆರ್.ಟಿ. ನಗರದಲ್ಲಿ ಆಫೀಸು. ಶಾಲೆ, ಟೆರೇಸು, ಮನೆ ಅಂಗಳ ಎಲ್ಲಕ್ಕೂ ಟರ್ಫ್ ಹಾಸಿ ಕೊಡುವವಳು, ಸಿವಿಲ್ ಎಂಜಿನಿಯರು. ಕೈಯಗಲದ ಒಂದು ಹಸಿರು ತುಂಡು ತಂದು ಜಗಲಿಯ ಮೇಲಿಟ್ಟಳು.

"ಇದ್ರಲ್ಲಿ ಟೈರಿನ ರಬ್ಬರ್ ಚೂರು ಹಾಕಲ್ಲ ಮೇಡಂ. ಇದ್ರ ಎಳೆಗಳು ಕಬ್ಬಿಂದ ತೆಗೆದ ಪ್ಲಾಸ್ಟಿಕ್ಕಿನವು. ಮೇಲೆ ತುಂಬೋದು ತೆಂಗಿನ ನಾರಿನ ಪುಡಿ, ಕಾರ್ಕ್ ಚೂರು. ನೀರು ಹಾಕ್ಬೇಕಿಲ್ಲ, ಔಷಧಿ ಹೊಡೀಬೇಕಿಲ್ಲ."

ಸೊಣ್ಣಮ್ಮ ತುಂಡನ್ನು ಎತ್ತಿ ಮೂಸಿದಳು. "ಕಬ್ಬಿಂದ ಉಲ್ಲಾ? ಅಂಗಾದ್ರೆ ದನ ತಿಂತಾವಾ?"

"ತಿನ್ನಬಾರದು ಅಜ್ಜಿ."

"ದನ ತಿನ್ನದಿದ್ಮ್ಯಾಲೆ ಅದೆಂಥ ಉಲ್ಲಮ್ಮಾ!" ಎಂದು ತುಂಡನ್ನು ವಾಪಸ್ಸು ಇಟ್ಟಳು. ನೀರಿನ ಮಾತು ಕೇಳಲು ಮರೆಯಲಿಲ್ಲ. ಸಿಮೆಂಟು ಹಾಕುವುದಿಲ್ಲ, ಕೆಳಗೆ ಬರೀ ಜಲ್ಲಿ, ಟರ್ಫಿನ ಅಡಿಯಲ್ಲಿ ತೂತುಗಳಿರುತ್ತವೆ, ಇಳಿದ ನೀರು ಪೈಪಿನಲ್ಲಿ ಹರಿದು ಬಾವಿಗೆ ಬೀಳುತ್ತದೆ ಎಂದು ಫರ್ಹೀನ್ ಬಿಡಿಸಿ ಹೇಳಿದಳು. ಅಷ್ಟರಲ್ಲಿ ಮುದುಕಿಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಪೈಪು ಒಂದೇ. ಪೈಪು ಹಾಕುತ್ತಾರೆ, ಇನ್ನು ನೀರಿನ ಚಿಂತೆ ಪೈಪಿನದು.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ನೆಲ ಅಗೆದರು, ತೂತಿನ ಪೈಪು ಮಲಗಿಸಿದರು, ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮೇಲೆ ಜಲ್ಲಿ ಪುಡಿ ಹರವಿ ರೋಲರ್ ಹೊಡೆದರು. ಬಾವಿಯ ಒಳಗೋಡೆಯಲ್ಲಿ ಪೈಪಿನ ಬಾಯಿ ಕಾಣುವ ಹಾಗೆ ಕೂರಿಸಿದರು. ಇನ್ನು ಟರ್ಫ್ ಹಾಸಬೇಕು ಎನ್ನುವಾಗ ಅದನ್ನು ತರಬೇಕಾದ ಲಾರಿ ತಡವಾಯಿತು. ಅದೇ ಹೊತ್ತಿಗೆ ರಾಧಾಮಣಿಯ ತವರು ಮಾಕಳಿಯಲ್ಲಿ ತಮ್ಮನ ಮಗಳ ಮದುವೆ. ಅವಳಿಲ್ಲದೆ ಆ ಮನೆಯಲ್ಲಿ ಚಪ್ಪರದ ಕಂಬವೂ ನೆಟ್ಟಗೆ ನಿಲ್ಲುವುದಿಲ್ಲ. ಹೊರಟು ಹೋದಳು.

ಮದುವೆ ಮುಗಿಸಿ ಬಂದು ಹಿತ್ತಲ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಜಲ್ಲಿ ಕಾಣುತ್ತಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಮನೆ ಸಾರಿಸಿದ ನೆಲ, ಬೆರಳುಗಳ ಬಳುಕು ಗೆರೆ ಸಾಲುಸಾಲಾಗಿ ಒಣಗಿ ಕೂತಿದೆ. ನಾಲ್ಕು ಮೂಲೆಗೂ ರಂಗೋಲಿ, ನಡುವೆ ಅರಿಶಿನ ಕುಂಕುಮ. ಜಗಲಿಯ ಮೇಲೆ ಸೊಣ್ಣಮ್ಮ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂತಿದ್ದಳು. ತಿಕ್ಕುತ್ತಿದ್ದವಳು ಎದುರು ಮನೆಯ ಮುನಿಕೃಷ್ಣಮ್ಮ. ಊರೊಳಗೆ ಇನ್ನೂ ದನ ಕಟ್ಟಿಕೊಂಡಿರುವ ಮನೆ ಅವಳದೊಂದೇ. ಸಗಣಿ ಅವಳದು, ಗೋಡುಮಣ್ಣೂ ಅವಳೇ ತರಿಸಿದ್ದು.

"ಬರೀ ಜಲ್ಲಿ ಮ್ಯಾಲೆ ಚಾಪೆ ಆಸ್ದಂಗೆ ಆಸ್ಬಿಟ್ರೆ ಆಯ್ತಾ?" ಎಂದಳು ಸೊಣ್ಣಮ್ಮ, ಯಾರೂ ಕೇಳದಿದ್ದರೂ.

"ಈ ನೆಲ ಏನ್ ನೀರು ಕುಡೀತು ಅಂತೀಯಾ ರಾಧಮ್ಮಾ!" ಮುನಿಕೃಷ್ಣಮ್ಮ ಶುರುಮಾಡಿದಳು. "ಉಯ್ದಿದ್ದು ಉಯ್ದಂಗೆ ಕುಡೀತಿತ್ತು. ನಿಮ್ಮತ್ತೆ ಬಿಡ್ಬೇಕಲ್ಲ? ಕುಡಿಯೋ ಕಣ ನಂಗೆ ಬ್ಯಾಡ ಅಂತ ಮತ್ತೆ ಮಣ್ಣು, ಮತ್ತೆ ಸಗಣಿ. ಕಡೇಗೆ ನಿಲ್ಲಿಸ್ತು ನೋಡು!"

ರಾಧಾಮಣಿ ಬಗ್ಗಿ ಕೈಯಾಡಿಸಿದಳು. ಹೊಸ ಸೊಸೆಯಾಗಿ ಬಂದಾಗ ಕಂಡಿದ್ದ ಅದೇ ಕಣ, ಅಷ್ಟೇ ನುಣುಪು. ಅತ್ತೆ ಪೂಜೆಗೆಂದು ಮಾಡಿದ್ದಾಳೆ ಎಂದುಕೊಂಡಳು. ಅವಳಿಗೆ ಹೊಟ್ಟೆ ತುಂಬುವಷ್ಟು ಸಂತೋಷವಾಯಿತು. ಮೊಬೈಲಿನಲ್ಲಿ ಫೋಟೋ ಹೊಡೆದು ತಂಡದವರಿಗೆಲ್ಲ ಕಳಿಸಿದಳು.

ಮರುದಿನ ಲಾರಿ ಬಂತು. ಫರ್ಹೀನ್ ಬೇರೆ ಊರಿನ ಕೆಲಸದ ಮೇಲಿದ್ದಳು, ಬಂದವನು ಅವಳ ಮೇಸ್ತ್ರಿ. ಅವನು ನೆಲ ನೋಡಿ ತಲೆ ಕೆರೆದುಕೊಂಡ.

"ಮೇಡಂ, ಇದೇನಿದು? ಫರ್ಹೀನ್ ಮೇಡಂಗೆ ಒಂದು ಫೋನ್ ಮಾಡ್ಲಾ?"

"ಯಾಕಪ್ಪಾ ಫೋನು? ಸಗಣಿ ಅದು. ಇಕೋ ಫ್ರೆಂಡ್ಲಿ, ಇಕೋ ಫ್ರೆಂಡ್ಲಿ ಅಂತ ದಿನಾ ಹೇಳ್ತೀರಲ್ಲ, ಸಗಣಿಗಿಂತ ಇಕೋ ಫ್ರೆಂಡ್ಲಿ ಯಾವುದಿದೆ? ಹಾಸು ಹಾಸು."

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಮನೆಯವರೇ ಹೇಳಿದ ಮೇಲೆ ಅವನದೇನಿದೆ? ಟರ್ಫಿನ ಸುರುಳಿಗಳು ಬಿಚ್ಚಿಕೊಂಡವು, ಅಂಟು ಬಿತ್ತು, ಬಿಳಿಯ ಗೆರೆ ಕೂತಿತು, ಮೇಲೆ ತೆಂಗಿನ ನಾರಿನ ಪುಡಿ ಉದುರಿತು. ಮುನಿಕೃಷ್ಣಮ್ಮನ ಹಸು ಗೇಟಿನಿಂದ ತಲೆ ತೂರಿಸಿ ಒಂದು ಬಾಯಿ ಹಾಕಿ ನೋಡಿ, ಮೋಸ ಹೋದ ಮುಖ ಮಾಡಿಕೊಂಡು ವಾಪಸ್ಸು ಹೋಯಿತು.

ಆಮೇಲಿನ ದಿನಗಳನ್ನು ಹೇಗೆಂದು ಹೇಳುವುದು! ಸಂಜೆಯಾದರೆ ಹಿತ್ತಲಲ್ಲಿ ನಗು, ಕೂಗು, ಚೆಂಡಿನ ಸದ್ದು. ಅಂಗನವಾಡಿಯವರು, ಮಾಲಾ, ಅಪಾರ್ಟ್‌ಮೆಂಟಿನ ಹೆಂಗಸರು ಎಲ್ಲ ಬಂದರು. ರಾಧಾಮಣಿ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಮೊದಲ ದಿನ ಅತ್ತೆಯ ಕಣ್ಣು ತಪ್ಪಿಸಿ ಓಡಾಡಿದಳು, ಎರಡನೇ ದಿನ ಅವಳ ಮುಂದೆಯೇ ನಿಂತು ಕಾಲು ಚಾಚಿ ಬಗ್ಗಿದಳು. ಸೊಣ್ಣಮ್ಮ ಬಾವಿಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ ನೋಡುತ್ತಿದ್ದಳು. ಯಾರಾದರೂ ಚೆಂಡು ಬಿಟ್ಟರೆ ಮಾತ್ರ ಲೊಚಗುಟ್ಟುತ್ತಿದ್ದಳು. ಇಷ್ಟು ವರ್ಷಗಳಲ್ಲಿ ರಾಧಾಮಣಿಗೆ ಅಷ್ಟು ಸುಖವಾಗಿ ನಿದ್ದೆ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಮಳೆ ಬಂತು. ಮೋಡ ಕಟ್ಟಿದ್ದೇ ತಡ, ಗುಡುಗಿ ಸುರಿಯಿತು. ರಾಧಾಮಣಿ ಕೊಡೆ ಹಿಡಿದು ಅತ್ತೆಯನ್ನು ಕೈಹಿಡಿದು ಬಾವಿಯ ಹತ್ತಿರ ಕರೆದುಕೊಂಡು ಹೋದಳು. ನೋಡಿ ಅತ್ತೆ, ಈಗ ಬರುತ್ತೆ, ಈಗ ಬರುತ್ತೆ ಎಂದಳು. ಪೈಪಿನ ಬಾಯಿ ಒಣಗಿಕೊಂಡೇ ಇತ್ತು. ತಿರುಗಿ ನೋಡಿದರೆ ಕೋರ್ಟು ಕೆರೆಯಾಗಿತ್ತು. ನಾರಿನ ಪುಡಿ, ಕಾರ್ಕ್ ಚೂರು ಎಲ್ಲ ಮೇಲೆದ್ದು ಕಂದು ಬಣ್ಣದ ಕೆನೆಯಂತೆ ತೇಲಿಕೊಂಡು, ಗೋಡೆಗೆ ತಾಗಿ, ಗೇಟಿನ ಸಂದಿಯಿಂದ ಬೀದಿಗೆ ಹೊರಟಿತು. ಬಾವಿಗೆ ಸೇರಬೇಕಾದ ನೀರು ಚರಂಡಿ ಸೇರಿತು.

ಸೊಣ್ಣಮ್ಮ ಬಾವಿಯೊಳಗೆ ಇನ್ನೊಮ್ಮೆ ಬಗ್ಗಿ ನೋಡಿ ನೆಟ್ಟಗಾದಳು.

"ಮಾತು ಅಂದ್ರೆ ಮಾತು ರಾಧಾ. ಕಿತ್ತಾಕು."

ಅಷ್ಟೇ ಹೇಳಿ ಒಳಗೆ ಹೋದಳು. ನಾಗಭೂಷಣ ಹೆಂಡತಿಯನ್ನು ಕೆಣಕುವ ಧೈರ್ಯ ಮಾಡಲಿಲ್ಲ. ಆದರೆ ಅವನ ಬೆರಳು ಮೊಬೈಲಿನಲ್ಲಿ ಪೀಜಿಯ ನಕ್ಷೆ ಹುಡುಕುತ್ತಿದ್ದುದನ್ನು ಅವಳು ಕಂಡಳು.

ಬೆಳಗ್ಗೆ ಫರ್ಹೀನ್ ಓಡಿ ಬಂದಳು. ಒಂದು ಮೂಲೆಯ ಅಂಟು ಬಿಡಿಸಿ ಟರ್ಫ್ ಮಡಚಿ ಹಿಡಿದು, ಕೆಳಗಿನ ನೆಲವನ್ನು ಬೆರಳ ಗಣ್ಣಿನಿಂದ ತಟ್ಟಿದಳು. ಟಣ್ ಎಂದಿತು.

"ಮೇಡಂ, ಇದು ನಾವು ಹಾಕಿದ್ದಲ್ವಲ್ಲ?"

ರಾಧಾಮಣಿಗೆ ಆ ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಉಯ್ದದ್ದನ್ನೆಲ್ಲ ಕುಡಿಯುತ್ತಿದ್ದ ನೆಲ, ಅದು ಕುಡಿಯುವುದನ್ನು ನಿಲ್ಲಿಸಿದ ಮೇಲೇ ಕೈ ತೊಳೆದುಕೊಂಡ ಅತ್ತೆ, ಹಾಸು ಹಾಸು ಎಂದ ತಾನು. ಕುಡಿಯಲೆಂದೇ ಮಾಡಿದ ನೆಲವದು. ಮೇಸ್ತ್ರಿ ಕೇಳಿದಾಗ ಒಂದು ಫೋನ್ ಮಾಡಲು ಬಿಟ್ಟಿದ್ದರೆ? ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂತು.

ಫರ್ಹೀನ್ ಒಂದು ದಾರಿ ತೋರಿಸಿದಳು. ಟರ್ಫ್ ಸುತ್ತಿಟ್ಟು, ಸಾರಿಸಿದ ಪದರವನ್ನು ಕೆತ್ತಿ ತೆಗೆದು, ಹೊಸದಾಗಿ ಜಲ್ಲಿ ಪುಡಿ ಹರವಿದರೆ ಸರಿಹೋಗುತ್ತದೆ. ಬೇಕಾದರೆ ಪೈಪು ಕಟ್ಟಿಕೊಂಡಿತ್ತು ಎಂದು ಅಜ್ಜಿಗೆ ಹೇಳಿದರಾಯಿತು. ಹೇಗೂ ಸೊಣ್ಣಮ್ಮ ಯಶವಂತಪುರದ ಮಗಳ ಮನೆಗೆ ಹೊರಟಿದ್ದಳು, ವಾಪಸ್ಸು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ರಾಧಾಮಣಿ ಒಪ್ಪಿದಳು. ಕೋರ್ಟೂ ಉಳಿಯುತ್ತದೆ, ಮುದುಕಿಯ ಮನಸ್ಸೂ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯದು ಇನ್ನೇನಿದೆ?

ಆಟೋ ಬಾಗಿಲಿಗೆ ಬಂತು. ಬಟ್ಟೆಯ ಬ್ಯಾಗು ಹಿಡಿದು ಹೊರಟ ಸೊಣ್ಣಮ್ಮ ಆಟೋ ಹತ್ತಿದವಳು ಸೊಸೆಯನ್ನು ಹತ್ತಿರ ಕರೆದಳು.

"ನಾನು ಬರೋದ್ರೊಳ್ಗೆ ಕಿತ್ತಾಕ್ಬಿಟ್ಟಿರು. ಕೀಳೋದನ್ನ ನೋಡೋಕೆ ನಂಗಾಗಲ್ಲ."

ಹಾಗೆಂದು ಮುಖ ಆಚೆ ತಿರುಗಿಸಿದಳು. ರಾಧಾಮಣಿ ಆ ಮುಖ ನೋಡಿದಳು. ಅತ್ತೆಯ ಗದ್ದ ಸಣ್ಣಗೆ ಅದುರುತ್ತಿತ್ತು. ಈ ಮುದುಕಿಯನ್ನು ಹೀಗೆ ಕಳಿಸಿ, ಹಿಂದಿನಿಂದ ನೆಲ ಕೆತ್ತಿ, ಪೈಪಿನ ಮೇಲೆ ಸುಳ್ಳು ಹಾಕಿ, ಆಮೇಲೆ ದಿನಾ ಸಂಜೆ ಅವಳ ಮುಂದೆ ಆಡುವುದೇ? ಅದು ರಾಧಾಮಣಿಯಿಂದ ಆಗುವ ಕೆಲಸವಾಗಿರಲಿಲ್ಲ.

"ಅತ್ತೆ, ಇಳೀರಿ. ಒಂದು ಮಾತು ಹೇಳ್ಬೇಕು."

"ಆಟೋ ನಿಂತೈತೆ ಕಣೇ."

"ನಿಂತಿರ್ಲಿ. ಇಳೀರಿ."

ಕೈಹಿಡಿದು ಹಿತ್ತಲಿಗೆ ಕರೆತಂದು, ಬಿಡಿಸಿದ್ದ ಮೂಲೆಯ ಟರ್ಫ್ ಎತ್ತಿ ತೋರಿಸಿದಳು.

"ಹುಲ್ಲಿಂದೇನೂ ತಪ್ಪಿಲ್ಲ, ಪೈಪಿಂದೂ ತಪ್ಪಿಲ್ಲ. ನೀವು ಸಾರಿಸಿದ್ರಲ್ಲ, ಅದು ನೀರು ಬಿಡ್ತಾ ಇಲ್ಲ. ಜಲ್ಲಿ ಹಾಕಿದ್ದೇ ನೀರು ಕುಡೀಲಿ ಅಂತ. ಮೇಸ್ತ್ರಿ ನನ್ನ ಕೇಳ್ದ ಅತ್ತೆ. ಏನೂ ಆಗಲ್ಲ, ಹಾಸು ಅಂದವಳು ನಾನು. ತಪ್ಪು ನಂದೇ."

ಸೊಣ್ಣಮ್ಮ ಬಗ್ಗಿ ಆ ನೆಲವನ್ನು ಅಂಗೈಯಿಂದ ಸವರಿದಳು.

"ಒಂದು ತೊಟ್ಟೂ ಇಳೀಲಿಲ್ವಾ?"

"ಒಂದು ತೊಟ್ಟೂ ಇಲ್ಲ."

ಮುದುಕಿಯ ಮುಖದ ಮೇಲೆ ಕಂಡೂ ಕಾಣದ ಹಾಗೆ ಒಂದು ಜಂಬ ಸುಳಿಯಿತು. ಅಂಥ ಮಳೆಗೂ ಒಂದು ತೊಟ್ಟೂ ಬಿಡದ ಕಣ, ಈ ವಯಸ್ಸಿನಲ್ಲಿ! ಆ ಜಂಬ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಪೂಜೆಗೆ ಮಾಡಿದ್ರಿ, ನನಗೆ ಹೊಳೀಬೇಕಿತ್ತು..." ರಾಧಾಮಣಿ ಸಮಾಧಾನ ಹೇಳಹೊರಟಳು.

"ಪೂಜೆಗೆ ಅಂತ ಯಾರೇ ಏಳಿದ್ದು ನಿಂಗೆ?" ಸೊಣ್ಣಮ್ಮ ತಲೆ ಎತ್ತಿದಳು. "ನೀನು ಊರಿಗೆ ಓದಾಗ ಬರಿಗಾಲಲ್ಲಿ ಇಲ್ಲಿ ಓಡಾಡ್ದೆ. ಜಲ್ಲಿ ಚುಚ್ತು. ಇದ್ರ ಮ್ಯಾಲೆ ಒಂದು ಚಾಪೆ ಆಸ್ಬಿಟ್ಟು ನಮ್ಮ ರಾಧಾ ಎಗರಿ ಎಗರಿ ಬೀಳ್ತಾಳಲ್ಲ, ಮಂಡಿ ಕಿತ್ಕೊಂಡು ಓಗ್ತೈತಲ್ಲ ಅನ್ನಿಸ್ತು. ಅದಕ್ಕೆ ಸಾರಿಸ್ದೆ. ಅವತ್ತು ಕಣದಾಗೆ ಆಡ್ಬ್ಯಾಡ ಅಂದಿದ್ದೆ ನಾನು. ನೀನು ಬಚ್ಚಲಾಗೆ ಅತ್ತಿದ್ದು ನಂಗೆ ಕೇಳಿಸಿತ್ತು. ಇವತ್ತು ನೀನು ಆಡ್ಲಿ ಅಂತಾನೇ ಕಣ ಮಾಡ್ದೆ. ಅದೇ ನಿಂಗೆ ಅಡ್ಡ ಬಂತಾ?"

ಎಂಥ ಮಾತಿಗೂ ತಟ್ಟನೆ ತಿರುಗಿ ಮಾತು ಎಸೆಯುವ ರಾಧಾಮಣಿ ಅವತ್ತು ಅತ್ತೆಯ ಪಕ್ಕದಲ್ಲಿ ಕೂತು, ಅವಳ ಒರಟು ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಯಾರು ನೋಡಿದರೂ ನೋಡಲಿ ಎಂದು ಗಟ್ಟಿಯಾಗಿ ಅತ್ತಳು. ಫರ್ಹೀನ್ ಬಾವಿಯ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡಳು. ಹೊರಗೆ ಆಟೋದವನು ಹಾರ್ನ್ ಬಾರಿಸುತ್ತಲೇ ಇದ್ದ.

"ಅವನ್ನ ಕಳ್ಸೇ ಮೊದ್ಲು, ತಲೆ ತಿಂತಾನೆ," ಎಂದು ಸೊಣ್ಣಮ್ಮ ಮೊಣಕಾಲ ಮೇಲೆ ಕೈಯೂರಿ ಎದ್ದಳು. "ಗುದ್ಲಿ ತಗೊಂಬಾ. ನನ್ನ ಕಣ ಬೇರೆಯೋರು ಕೆತ್ತೋದು ಬ್ಯಾಡ."

ತಂಡವೆಲ್ಲ ಬಂತು. ಟರ್ಫ್ ಸುತ್ತಿ ಪಕ್ಕಕ್ಕಿಟ್ಟರು. ಮೊದಲ ಏಟು ಸೊಣ್ಣಮ್ಮನದು. ನೆಲ ಜಪ್ಪಯ್ಯ ಅನ್ನಲಿಲ್ಲ. ಎರಡನೆಯ ಏಟಿಗೆ ಕೈ ಜುಮ್ಮೆಂದಿತು, ಮೂರನೆಯದಕ್ಕೆ ಒಂದು ಹೆಂಟೆ ಎದ್ದಿತು. ಆಮೇಲೆ ಮಾಲಾ ಗುದ್ದಲಿ ತೆಗೆದುಕೊಂಡಳು, ರಾಧಾಮಣಿ ಹಾರೆ ಹಿಡಿದಳು, ನಾಗಭೂಷಣ ಪ್ಯಾಂಟು ಮಡಚಿಕೊಂಡು ಮಂಕರಿ ಹೊತ್ತ. ಪೀಜಿಯ ಮಾತನ್ನು ಅವನು ಆಮೇಲೆ ಎತ್ತಿಲ್ಲ. ಬರೀ ಜಲ್ಲಿ ಕಾಣುವ ತನಕ ಸೊಣ್ಣಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿಂತಳು. ಎದ್ದ ಹೆಂಟೆಗಳನ್ನೆಲ್ಲ ಕರಿಬೇವಿನ ಬುಡಕ್ಕೆ ಹಾಕಿಸಿದಳು. ಮುನಿಕೃಷ್ಣಮ್ಮ ಮಾತ್ರ, "ನನ್ನ ಸಗಣಿ ಎಲ್ಲಾ ದಂಡ ಆಯ್ತು," ಎಂದು ಮೂಗು ಮುರಿದಳು.

ಹೊಸ ಪುಡಿ ಹರವಿ ರೋಲರ್ ಹೊಡೆದ ಮೇಲೆ ಸೊಣ್ಣಮ್ಮ ಫರ್ಹೀನ್‌ಳನ್ನು ಅಡ್ಡಗಟ್ಟಿದಳು.

"ನೀರಿನ ಮಾತಾಯ್ತು. ಮಂಡಿಗೆ ಏನಮ್ಮಾ ಮಾಡ್ತೀಯಾ?"

"ಮೆತ್ತೆ ಬರುತ್ತೆ ಅಜ್ಜಿ, ತೂತಿರೋದು. ನೀರೂ ಬಿಡುತ್ತೆ, ಬಿದ್ರೆ ನೋವೂ ಆಗಲ್ಲ. ಇಲ್ಲಿಗೆ ಬೇಡ ಅಂತ ಮೇಡಂ ಹೇಳಿದ್ರು."

ಸೊಣ್ಣಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು. ಬೇಡ ಎಂದದ್ದು ನಿಜ. ನಾನೇನು ಚಿಕ್ಕ ಮಗುವಾ, ಮೆತ್ತೆ ಯಾಕೆ ಎಂದು ರಾಧಾಮಣಿ ಅವತ್ತು ಎದೆಯುಬ್ಬಿಸಿಕೊಂಡು ಹೇಳಿದ್ದಳು. ಈಗ ತಲೆ ತಗ್ಗಿಸಿದಳು. ಮೆತ್ತೆ ಬಂತು. ಅದರ ಮೇಲೆ ಟರ್ಫ್ ಮತ್ತೆ ಹಾಸಿದರು.

ಅದಾದ ಮೇಲೆ ಮೊದಲ ಮಳೆ ಬಂದದ್ದು ಆಟದ ನಡುವೆ. ಯಲಹಂಕದ ಕಡೆಯ ಒಂದು ತಂಡವನ್ನು ಕರೆಸಿದ್ದರು, ಆಟ ಸಮಸಮ ನಡೆದಿತ್ತು. ದಪ್ಪ ಹನಿ ಬಿದ್ದವು, ನೋಡನೋಡುತ್ತಿದ್ದಂತೆ ಸುರಿಯತೊಡಗಿತು. ಹೊರಗಿನವರು ಜಗಲಿಯ ಕಡೆ ಓಡಿದರು. ರಾಧಾಮಣಿಯ ತಂಡದವರು ಓಡಲಿಲ್ಲ, ಆಡಲೂ ಇಲ್ಲ. ಎಲ್ಲರ ಕಣ್ಣೂ ಬಾವಿಯ ಮೇಲೆ. ಅಲ್ಲಿ ಸೊಣ್ಣಮ್ಮ ತಲೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು, ಬಾವಿಕಟ್ಟೆ ಹಿಡಿದು ಒಳಗೆ ಬಗ್ಗಿದ್ದಳು. ರಾಧಾಮಣಿ ಚೆಂಡು ಹಿಡಿದು ನಿಂತಿದ್ದಳು. ಕಾಲ ಕೆಳಗೆ ನೀರು ನಿಲ್ಲುತ್ತಿದೆಯೋ ಇಲ್ಲವೋ ಎಂದು ನೋಡಲು ಧೈರ್ಯ ಸಾಲದೆ ಅತ್ತೆಯ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ಅಲುಗಲೇ ಇಲ್ಲ.

ಕೊನೆಗೂ ಸೊಣ್ಣಮ್ಮ ನೆಟ್ಟಗಾಗಿ ಇತ್ತ ತಿರುಗಿದಳು. ಎಲ್ಲರೂ ಕಂಬಗಳಂತೆ ನಿಂತಿರುವುದನ್ನು ಕಂಡು ಅವಳಿಗೆ ರೇಗಿತು.

"ಯಾಕ್ರೇ ನಿಂತ್ರಿ? ನೀರು ಅದ್ರ ಪಾಡಿಗೆ ಅದು ಓಗ್ತೈತೆ. ನಿಮ್ಮ ಪಾಡಿಗೆ ನೀವು ಆಡ್ರೇ!"

ರಾಧಾಮಣಿ ಮುಖದ ಮೇಲಿನ ಮಳೆಯನ್ನು ತೋಳಿನಿಂದ ಒರೆಸಿಕೊಂಡಳು, ಜಗಲಿ ಹತ್ತಿದವರನ್ನು ವಾಪಸ್ಸು ಬನ್ನಿ ಎಂದು ಕೂಗಿ ಕರೆದಳು, ಗೆರೆಯ ಹಿಂದೆ ಹೋಗಿ ನಿಂತು ಚೆಂಡು ಎಸೆದಳು.